ಮನೆಯೇ ಪಾಠಶಾಲೆಯಾದರೆ ಸಾಲದು

ಮನೆಯಲ್ಲೇ ಮಕ್ಕಳಿಗೆ ವಿದ್ಯೆ ಕಲಿಸುವ ಕುಟುಂಬಗಳ ಪ್ರಾದೇಶಿಕ ಸಮಾವೇಶಗಳಿಗೆ ಈಗ ಶ್ರಾವಕ ದಂಪತಿಗಳೂ ಹೋಗಿಬರುತ್ತಿದ್ದಾರೆ. ಇದನ್ನು ಹಳಿಯುವವರು ಆದಿನಾಥಸ್ವಾಮಿಯ ಚರಿತೆಯನ್ನು ಮರೆತಿದ್ದಾರೆ. ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಕಲಿಸಿದವನು ತಂದೆಯೇ.

ಆದರೆ ಆ ಕಥೆಯನ್ನು ಗುರಾಣಿಯಾಗಿ ಹಿಡಿದವರಿಗೂ ಒಂದು ಪ್ರಶ್ನೆಯಿದೆ. ಮಗನನ್ನು ದುಬಾರಿ ಶಾಲೆಗೆ ಕಳುಹಿಸಿ, ಸಂಸ್ಕಾರ ಕೆಡುತ್ತದೆಂದು ಮಗಳನ್ನು ಮಾತ್ರ ಮನೆಯಲ್ಲಿರಿಸಿಕೊಳ್ಳುವುದು ಯಾವ ಶಿಕ್ಷಣ? ಜ್ಞಾನಕ್ಕೆ ಅಂತರಾಯವೊಡ್ಡುವುದು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಸಾರುತ್ತದೆ. ತಂದೆತಾಯಿಗಳಿಗೆ ಅದರಿಂದ ವಿನಾಯಿತಿಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯೂ 6ರಿಂದ 14 ವರ್ಷದ ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದವೆಣಿಸಿಲ್ಲ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ಮನೆಯಲ್ಲಿ ಕಲಿಸುವೆವೆನ್ನುವವರು ಮಗಳನ್ನು ಅಲ್ಲಿಯವರೆಗಾದರೂ ಮುಟ್ಟಿಸುವ ಹೊಣೆ ಹೊರಲಿ.

ಬಸದಿಗಳ ಟ್ರಸ್ಟುಗಳೂ ನುಣುಚಿಕೊಳ್ಳಲಾಗದು. ಪಂಚಕಲ್ಯಾಣ ಮಹೋತ್ಸವಕ್ಕೆ ಲಕ್ಷಗಟ್ಟಲೆ ಕೂಡಿಸಬಲ್ಲ ನಾವು ಗ್ರಂಥಾಲಯಕ್ಕೆ ಹಣವಿಲ್ಲವೆನ್ನುತ್ತೇವೆ. ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರವೂ ಸೇರಿದರೇ ಚತುರ್ವಿಧ ದಾನ ಪೂರ್ಣ. ವಾರವಿಡೀ ಬೀಗ ಬಿದ್ದಿರುವ ಸಭಾಭವನಗಳನ್ನು ಈ ಮಕ್ಕಳಿಗೆ ತೆರೆಯಿರಿ. ಅನ್ಯಮತದ ಮಕ್ಕಳೂ ಬರಲಿ. ನಾಲ್ಕು ಗೋಡೆಗಳೊಳಗೆ ಒಂದೇ ಮಾತು ಕೇಳಿ ಬೆಳೆದ ಮಗುವಿಗೆ ಅನೇಕಾಂತ ಬರಿಯ ಬಾಯಿಪಾಠವಾಗಿ ಉಳಿದೀತು.