ಹಗ್ಗ ಹರಕೊಂಡದ್ದು ಮಲ್ಲಿಗಿ ಹ್ಯಾಂಗಾತು?

ಒಂದು ಭಾಷೆಯ ಸಿನಿಮಾವನ್ನು ಇನ್ನೊಂದು ಭಾಷೆಯಲ್ಲಿ ಹೊಸದಾಗಿ ತೆಗೆಯುವುದೇ ತಪ್ಪು ಎಂದು ವಾದಿಸುವವನು ನಾನಲ್ಲ. ಕಥೆಗಳು ಗಡಿ ದಾಟುವುದು ಗಡಿಯ ಮಂದಿಗೆ ಹೊಸ ಸುದ್ದಿ ಅಲ್ಲ. ಹರಿಶ್ಚಂದ್ರನ ಕಥಿ ಯಾವ ಭಾಷಾದ್ದು ಅಂತ ಆಟ ನೋಡಾಕ ಕುಂತವ್ರು ಯಾರರೇ ಕೇಳ್ಯಾರೇನು? ನನ್ನ ತಕರಾರು ಬ್ಯಾರೆ ಅದ. ಗಿಡ ಕಿತ್ತು ಬ್ಯಾರೆ ಹೊಲದಾಗ ಹಚ್ಚುವ ರೈತ ಬೇರಿನ ಜೋಡಿ ಒಂದು ಹಿಡಿ ಮಣ್ಣೂ ತರ್ತಾನ. ನಮ್ಮ ರೀಮೇಕಿನವರು ಹೂವಷ್ಟೇ ಹರಕೊಂಡು ಬಂದು, ಗಿಡಾನೇ ತಂದೀವಿ ಅಂತ ಟಿಕೀಟು ಮಾರ್ತಾರ. ಇದಕ್ಕ ಉದಾಹರಣಿ ಹುಡುಕಾಕ ದೂರ ಹೋಗೂದು ಬ್ಯಾಡ. ನಮ್ಮ ಸೊಲ್ಲಾಪುರ ಜಿಲ್ಲೆಯದೇ ಅದ: ‘ಸೈರಾಟ್’.

2016ರ ಏಪ್ರಿಲ್ 29ಕ್ಕೆ ಬಿಡುಗಡೆಯಾದ ಈ ಮರಾಠಿ ಸಿನಿಮಾವನ್ನು ತೆಗೆದವರು ನಾಗರಾಜ ಮಂಜುಳೆ, ಕರಮಾಳಾ ತಾಲೂಕಿನ ಜೇಊರಿನವರು. ಆರ್ಚಿಯ ಪಾತ್ರ ಮಾಡಿದ ರಿಂಕು ರಾಜಗುರು ಅಕಲೂಜಿನ ಹುಡುಗಿ. ಶಾಲೆ ಕಲಿಯುವ ವಯಸ್ಸಿನಲ್ಲೇ ಆಕೆಗೆ ರಾಷ್ಟ್ರ ಪ್ರಶಸ್ತಿಯ ವಿಶೇಷ ಉಲ್ಲೇಖ ಸಿಕ್ಕಿತು. ನೂರು ಕೋಟಿ ರೂಪಾಯಿ ಗಳಿಕೆ ದಾಟಿದ ಮೊದಲ ಮರಾಠಿ ಸಿನಿಮಾ ಎಂದು ಅದರ ಹೆಸರು ದೇಶದ ತುಂಬ ಆಯಿತು. ಊರ ಪಾಟೀಲನ ಮಗಳು, ಮೀನು ಹಿಡಿಯುವವರ ಮಗ. ಪ್ರೀತಿ, ಓಡಿಹೋಗುವುದು, ಹೈದರಾಬಾದಿನ ಕೊಳೆಗೇರಿ, ಒಂದು ಮಗು, ಕೊನೆಗೆ ಕೊಲೆ. ಕಥೆ ಇಷ್ಟೇ. ಅತ್ತ ಕರಮಾಳಾದ ಮಗ್ಗಲಿಗೆ ಉಜನಿ ಡ್ಯಾಮಿನಾಗ ನಿಲ್ಲುವ ಭೀಮೆಯ ನೀರೇ ಇತ್ತ ಹರಿದು ನಮ್ಮ ದಂಡಿಗೆ ಬರ್ತದ. ಮನ್ಯಾಗ ಕನ್ನಡ, ಸಂತ್ಯಾಗ ಮರಾಠಿ ಮಾತಾಡುವ ನಮಗ ಆ ಪಿಚ್ಚರ್ ತಿಳಿಯಾಕ ಯಾರ ಸಹಾಯವೂ ಬೇಕಾಗಲಿಲ್ಲ. ಆ ಬಾವಿ, ಆ ಟ್ರ್ಯಾಕ್ಟರ್, ಆ ಕಬ್ಬಿನ ಹೊಲ, ಕ್ರಿಕೆಟ್ ಆಟಕ್ಕ ಮೈಕ್ ಹಿಡಿದು ಒದರುವ ಆ ಮನಶ್ಯಾ, ಎಲ್ಲಾ ನಾವು ಕಂಡದ್ದೇ.

ಮೊದಲು ಹೆಸರನ್ನೇ ನೋಡೋಣ. ಸೈರಾಟ್ ಅಂದ್ರ ಲಗಾಮಿಲ್ಲದ್ದು, ಹಗ್ಗ ಹರಕೊಂಡು ದಿಕ್ಕು ಕಂಡತ್ತ ಓಡೂದು. ದನ ಕಟ್ಟಿದ ಮನಿಯವರಿಗೆ ಇದನ್ನ ಬಿಡಿಸಿ ಹೇಳೂದು ಬೇಕಾಗಿಲ್ಲ. ಹರಕೊಳ್ಳಬೇಕಾದ್ರ ಮೊದಲು ಹಗ್ಗ ಇರಬೇಕು, ಹಗ್ಗ ಇದ್ರ ಕಟ್ಟಿದಾಂವ ಒಬ್ಬ ಇರಬೇಕು. ಆ ಒಂದು ಶಬ್ದದೊಳಗ ಇಷ್ಟೂ ಅದ. ಈಗ ರೀಮೇಕುಗಳ ಹೆಸರು ಕೇಳ್ರಿ. ಕನ್ನಡದಲ್ಲಿ ‘ಮನಸು ಮಲ್ಲಿಗೆ’, ಪಂಜಾಬಿಯಲ್ಲಿ ‘ಚನ್ನಾ ಮೇರೆಯಾ’, ಒಡಿಯಾದಲ್ಲಿ ‘ಲೈಲಾ ಓ ಲೈಲಾ’, ಈ ಮೂರೂ 2017ರವು. 2018ರಲ್ಲಿ ಬಂಗಾಳಿಯ ‘ನೂರ್ ಜಹಾನ್’, ಹಿಂದಿಯ ‘ಧಡಕ್’. ಒಂದು ಹೂವು, ಒಬ್ಬ ಚಂದಿರ, ಇಬ್ಬರು ಪ್ರೇಯಸಿಯರು, ಒಂದು ಎದೆಬಡಿತ! ಐದು ಭಾಷೆಯ ಐದು ಮಂದಿ ಜಾಣರು ಕೂಡಿ ಮಾತಾಡ್ಕೊಂಡವರಂಗ ಹಗ್ಗ ಒಂದನ್ನ ಮನ್ಯಾಗ ಬಿಟ್ಟು ಬಂದಾರ. ಪಂಜಾಬಿ, ಒಡಿಯಾ, ಬಂಗಾಳಿ ಮೂರನ್ನು ಇಲ್ಲಿಗೇ ಬಿಡ್ತೀನಿ. ಹಿಂದಿ ಮತ್ತು ಕನ್ನಡದ ಮಾತು ಆಡಬೇಕಾಗಿದೆ.

‘ಸೈರಾಟ್’ನಲ್ಲಿ ಜಾತಿಯ ಬಗ್ಗೆ ಭಾಷಣ ಇಲ್ಲ. ಪಾಟೀಲ ಎಂಬ ಅಡ್ಡಹೆಸರು ಒಂದೇ ಸಾಕು. ನಮ್ಮ ಭಾಗದ ನೋಡುಗರಿಗೆ ಯಾರ ಮನೆ ಊರ ನಡುವೆ ಇದೆ, ಯಾರದು ಊರ ಹೊರಗೆ ಇದೆ ಎಂದು ತಿಳಿದುಹೋಗುತ್ತದೆ. ಈ ಪುಸ್ತಕ ಓದುವ ಮಾಸ್ತರ ಮಂದಿ ಆ ಕಾಲೇಜಿನ ದೃಶ್ಯ ಮರೆತಿರಲಿಕ್ಕಿಲ್ಲ. ಲೋಖಂಡೆ ಸರ್ ಪಾಠ ಮಾಡುತ್ತಿರುತ್ತಾರೆ. ಪಾಟೀಲನ ಮಗ ಪ್ರಿನ್ಸ್ ಫೋನಿನಾಗ ಮಾತಾಡ್ಕೋತ ನೆಟ್ಟಗ ವರ್ಗದೊಳಗ ಬರ್ತಾನ. ಯಾರಪಾ ನೀನು ಅಂತ ಕೇಳಿದ್ದೇ ತಡ, ಹುಡುಗರೆಲ್ಲಾ ನೋಡ್ತಿರುವಾಗಲೇ ಸರ್ ಕಪಾಳಕ್ಕ ಬಾರಸ್ತಾನ. ಹೊಡೆದಾಂವಗ ಏನೂ ಆಗೂದಿಲ್ಲ. ಪೆಟ್ಟು ತಿಂದವರೇ ಊರಿನ ರೀತಿ ತಿಳಕೋಬೇಕು. ಪ್ರೇಮದ ಕಥೆಗೆ ಈ ದೃಶ್ಯದ ಅಗತ್ಯ ಏನಿತ್ತು? ನನ್ನ ಅಭಿಪ್ರಾಯದಲ್ಲಿ ಇಡೀ ಸಿನಿಮಾ ನಿಂತಿರುವುದು ಈ ಪೆಟ್ಟಿನ ಮೇಲೆ. ಕೊನೆಗೆ ಕೊಲ್ಲುವ ಕೈ ಎಲ್ಲಿ ತಯಾರಾಯಿತು ಎಂಬುದನ್ನು ಮಂಜುಳೆ ಅರ್ಧ ಸಿನಿಮಾ ಆಗುವ ಮೊದಲೇ ತೋರಿಸಿಬಿಟ್ಟಿದ್ದಾರೆ.

ಇನ್ನು ‘ಧಡಕ್’. 2018ರ ಜುಲೈನಲ್ಲಿ ಬಂತು, ಶಶಾಂಕ್ ಖೈತಾನ್ ನಿರ್ದೇಶನ. ಕರಮಾಳಾ ಹೋಗಿ ಉದಯಪುರ ಆಯಿತು, ಹೈದರಾಬಾದು ಹೋಗಿ ಕೋಲ್ಕತ್ತಾ ಆಯಿತು. ಆಗಲಿ, ಊರು ಬದಲಾದರೆ ನನ್ನ ಅಡ್ಡಿ ಇಲ್ಲ. ರಾಜಸ್ಥಾನದಲ್ಲಿ ಜಾತಿಗೇನು ಬರಗಾಲವೇ? ಅಲ್ಲಿಯ ಹಗ್ಗವನ್ನೇ ತೋರಿಸಬಹುದಿತ್ತು. ಆದರೆ ಇಲ್ಲಿ ಹುಡುಗನ ತಂದೆ ಪ್ರವಾಸಿಗರಿಗೆ ಹೋಟೆಲು ನಡೆಸುವವ, ಹುಡುಗಿಯ ತಂದೆ ಚುನಾವಣೆಗೆ ನಿಲ್ಲುವ ದೊಡ್ಡ ಮನುಷ್ಯ. ಅವರು ಮೇಲಿನವರು, ದೂರ ಇರು ಎಂಬ ಮಾತು ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಉಳಿಯುವುದು ಸರೋವರ, ಹವೇಲಿ, ಚಂದದ ಬಟ್ಟೆ. ಬಡವ ಮತ್ತು ಶ್ರೀಮಂತಳ ಪ್ರೇಮದ ಪಿಚ್ಚರ್ ನಾವು ಎಷ್ಟು ನೋಡಿಲ್ಲ? ಅದಕ್ಕ ‘ಸೈರಾಟ್’ ಹಕ್ಕು ಕೊಂಡು ತರೂದು ಯಾಕ ಬೇಕಿತ್ತು?

ಕೊನೆಯ ದೃಶ್ಯವನ್ನು ಹೋಲಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ‘ಸೈರಾಟ್’ನಲ್ಲಿ ಅಣ್ಣ, ಬಂಧುಗಳು ತವರಿನಿಂದ ಉಡುಗೊರೆ ಹಿಡಿದು ಆರ್ಚಿಯ ಮನೆಗೆ ಬರುತ್ತಾರೆ. ಆಕೆ ಅಂಜುತ್ತಾ, ಹಿಗ್ಗುತ್ತಾ ಚಹಾ ಮಾಡಿ ಕೊಡುತ್ತಾಳೆ. ತವರಿನವರು ಬಂದ್ರ ಚಹಾ ಇಡದ ಹೆಣ್ಣುಮಗಳು ನಮ್ಮ ಕಡೆ ಅದಾಳೇನು? ಆ ಚಹಾ ಕುಡಿದ ಕೈಯೇ ಕೊಲ್ಲುತ್ತದೆ. ಕೊಲ್ಲುವುದನ್ನು ನಮಗೆ ತೋರಿಸುವುದಿಲ್ಲ. ಹೊರಗೆ ಹೋಗಿದ್ದ ಕೂಸು ಒಳಗೆ ಬಂದು ನೋಡಿ, ಅಳುತ್ತಾ, ರಕ್ತದ ಪುಟ್ಟ ಹೆಜ್ಜೆ ಮೂಡಿಸುತ್ತಾ ಹೊರಗೆ ನಡೆಯುತ್ತದೆ. ಆಗ ಸದ್ದೇ ಇರುವುದಿಲ್ಲ, ಅಳುವೂ ಕೇಳಿಸುವುದಿಲ್ಲ. ‘ಧಡಕ್’ನಲ್ಲಿ ಗಂಡನನ್ನೂ ಮಗುವನ್ನೂ ಮೇಲಿಂದ ಎಸೆಯುತ್ತಾರೆ, ಹುಡುಗಿ ಕೆಳಗೆ ನಿಂತು ನೋಡುತ್ತಾಳೆ. ನೋಡುವವರ ಎದೆ ಧಸಕ್ ಅಂತದ, ಖರೆ. ಆದರ ಧಸಕ್ ಅಂದದ್ದು ಐದು ನಿಮಿಷಕ್ಕ ಇಳಿದು ಹೋಗ್ತದ. ಆ ಕೂಸಿನ ಹೆಜ್ಜಿ ಮನಿತನಕ ಬರ್ತದ. ಅದನ್ನ ಇನ್ನ ಮ್ಯಾಲ ಯಾರು ಸಾಕೂದು ಅಂತ ಹೆಂಗಸರು ಮಾತಾಡ್ಕೊಂಡದ್ದು ಆ ಹೆಜ್ಜಿ ನೋಡಿ. (ನ್ಯಾಯಕ್ಕೆ ಒಂದು ಮಾತು: 2025ರಲ್ಲಿ ‘ಧಡಕ್ 2’ ಎಂದು ತಮಿಳಿನ ‘ಪರಿಯೇರುಂ ಪೆರುಮಾಳ್’ ಸಿನಿಮಾದ ರೀಮೇಕ್ ಬಂತು. ಅದರಲ್ಲಿ ಜಾತಿಯ ಮಾತನ್ನು ನೇರವಾಗಿ ಎತ್ತಿದ್ದಾರೆ. ಏಳು ವರ್ಷ ಬೇಕಾಯ್ತು.)

ಕನ್ನಡದ್ದು ನನಗೆ ಹೆಚ್ಚು ನೋವಿನದು, ಯಾಕಂದ್ರ ಅದು ನಮ್ಮದು. ‘ಮನಸು ಮಲ್ಲಿಗೆ’ಯ ನಿರ್ದೇಶಕರು ಎಸ್. ನಾರಾಯಣ್, ನಿರ್ಮಾಪಕರು ರಾಕ್‌ಲೈನ್ ವೆಂಕಟೇಶ್. ನಾಯಕಿ ಅದೇ ರಿಂಕು. ಸಂಗೀತ ಅದೇ ಅಜಯ್-ಅತುಲ್ ಅವರದು. ಹುಡುಗಿಯನ್ನು ತಂದರು, ರಾಗ ತಂದರು, ಕಥೆ ತಂದರು. ರೊಕ್ಕ ಕೊಟ್ಟರೆ ಸಿಗುವುದನ್ನೆಲ್ಲಾ ತಂದರು. ಭೀಮೆಯ ದಂಡೆಯ ಕನ್ನಡದಲ್ಲೇ ಈ ಕಥೆ ಹೇಳಬಹುದು ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಇಂಡಿ, ಅಫಜಲಪುರ, ಅಕ್ಕಲಕೋಟ, ಜತ್ತಿನ ಯಾವ ಊರಿನಾಗ ಪಾಟೀಲರಿಲ್ಲ, ಗೌಡರಿಲ್ಲ? ಮರಾಠಿ ತಿಳಿಯಂಗಿಲ್ಲೇನು, ಇಂಗ್ಲಿಷಿನಾಗ ಹೇಳಲೇನು ಅಂತ ಆರ್ಚಿ ಧಿಮಾಕಿನಿಂದ ದಬಾಯಿಸ್ತಾಳಲ್ಲ, ಆ ಧಿಮಾಕು ನಮ್ಮ ಕನ್ನಡದಾಗ ಎಷ್ಟು ಚಂದ ಕೂಡ್ತಿತ್ತು! ಬೆಂಗಳೂರಿನ ಪಿಚ್ಚರಿನಾಗ ನಮ್ಮ ಮಾತು ಬರೂದು ಹೆಚ್ಚಾಗಿ ನಗಸಾಕ. ಅಳಾಕ, ಸಿಟ್ಟಾಗಾಕ, ಪ್ರೀತಿ ಮಾಡಾಕ ಬ್ಯಾರೆ ಕನ್ನಡ ಬೇಕು ಅಂತ ಅವರ ಲೆಕ್ಕ.

ಕನ್ನಡದಲ್ಲಿ ರೀಮೇಕು ಇಷ್ಟು ಬೆಳೆದದ್ದಕ್ಕೆ ಒಂದು ಕಾರಣ ಉಂಟು. 1960ರ ದಶಕದಿಂದ ಕರ್ನಾಟಕದಲ್ಲಿ ಡಬ್ಬಿಂಗಿಗೆ, ಕಾನೂನಿಲ್ಲದಿದ್ದರೂ, ತಡೆ ಇತ್ತು. ಕನ್ನಡ ಕಲಾವಿದರ ಅನ್ನ ಉಳಿಯಬೇಕು ಎಂಬುದು ಆಗಿನ ಕಳಕಳಿ. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ಬೇಲಿಯ ನೆರಳಿನಲ್ಲಿ, ಪಕ್ಕದ ಭಾಷೆಯಲ್ಲಿ ಗೆದ್ದ ಕಥೆ ತಂದು ಅದೇ ಅಚ್ಚಿನಲ್ಲಿ ತೆಗೆಯುವ ಧಂಧೆ ಆರಾಮಾಗಿ ಬೆಳೆಯಿತು. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ತೀರ್ಪು ಕೊಟ್ಟು ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರ ಮಾರ್ಚಿನಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ಕನ್ನಡದಲ್ಲಿ ತೆರೆ ಕಂಡಿತು. ‘ಮನಸು ಮಲ್ಲಿಗೆ’ ಬಂದದ್ದೂ ಅದೇ ತಿಂಗಳ ಕೊನೆಗೆ. ನನ್ನ ಪ್ರಶ್ನೆ ಸರಳ. ಅದೇ ಹುಡುಗಿ, ಅದೇ ರಾಗ, ಅದೇ ಕಥೆ ಆದರೆ ‘ಸೈರಾಟ್’ನ್ನೇ ಕನ್ನಡಕ್ಕೆ ಡಬ್ ಮಾಡಿದ್ದರೆ ಏನು ಕೆಡುತ್ತಿತ್ತು? ರೀಮೇಕ್ ಅಂತ ಕಷ್ಟಪಟ್ಟ ಮ್ಯಾಲ, ಡಬ್ಬಿಂಗು ಮಾಡಲಾರದ್ದನ್ನ ಏನರೇ ಮಾಡಿ ತೋರಸಬೇಕಲ್ಲ!

ಆಗುವುದಿಲ್ಲ ಎನ್ನುವಂತಿಲ್ಲ, ಆಗಿದೆ. ಮಲಯಾಳದ ‘ದೃಶ್ಯಂ’ ತಮಿಳಿಗೆ ‘ಪಾಪನಾಶಂ’ ಆಗಿ 2015ರಲ್ಲಿ ಬಂದಾಗ, ಮೂಲದ ನಿರ್ದೇಶಕ ಜೀತು ಜೋಸೆಫ್ ಅವರೇ ಅದನ್ನು ತಿರುನೆಲ್ವೇಲಿ ಸೀಮೆಯಲ್ಲಿ ನೆಟ್ಟರು. ಕಮಲಹಾಸನ್ ಅಂಥ ನಟ ಆ ಸೀಮೆಯ ಮಾತನ್ನೇ ಆಡಿದರು. ಚೆನ್ನೈಯ ಮಂದಿಗೆ ತಿಳಿಯಲಿಕ್ಕಿಲ್ಲ ಎಂದು ಹೆದರಲಿಲ್ಲ. ಇನ್ನೊಂದು ತಮಾಷೆ ನೋಡ್ರಿ: ‘ಮಣಿಚಿತ್ರತಾಳ್’ ಮಲಯಾಳದಲ್ಲಿ ಬಂದಾಗ ಅದರ ನಾಗವಲ್ಲಿ ತಮಿಳು ಮಾತಾಡುವ ನರ್ತಕಿ. ಕನ್ನಡದ ‘ಆಪ್ತಮಿತ್ರ’ದಲ್ಲಿ ಅವಳು ತೆಲುಗಿನವಳು, ತಮಿಳಿನ ‘ಚಂದ್ರಮುಖಿ’ಯಲ್ಲೂ ತೆಲುಗಿನವಳು, ಹಿಂದಿಯಲ್ಲಿ ಬಂಗಾಳಿ. ದೆವ್ವ ಯಾವಾಗಲೂ ನೆರೆಮನೆಯ ಭಾಷೆಯನ್ನೇ ಮಾತಾಡಬೇಕು! ಗಡಿಯಾಗ ಇರೋ ನಾವು ಇದಕ್ಕ ನಗಬೇಕೋ ಅಳಬೇಕೋ. ಆದರೂ ದೆವ್ವಕ್ಕ ಯಾ ಭಾಷಾ ಅಂತ ಅವರು ವಿಚಾರರೇ ಮಾಡ್ಯಾರ. ಅಷ್ಟರ ಮಟ್ಟಿಗೆ ಮಣ್ಣು ತಂದಾರ. ಕನ್ನಡದಲ್ಲೇ 2016ರ ‘ತಿಥಿ’ ಇಲ್ಲವೇ? ಮಂಡ್ಯ ಜಿಲ್ಲೆಯ ಹಳ್ಳಿ, ಆ ಹಳ್ಳಿಯದೇ ಮಾತು, ಹಳ್ಳಿಯವರದೇ ಅಭಿನಯ. ರಿಂಕುಗೆ ವಿಶೇಷ ಉಲ್ಲೇಖ ಸಿಕ್ಕ ಸಾಲಿನಲ್ಲೇ ಅದಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಬಂತು. ಕೈಯಲ್ಲಿ ಕಸುಬು ಇಲ್ಲ ಎಂದಲ್ಲ, ಧೈರ್ಯ ಇಲ್ಲ.

ಮಂದಿಗೆ ಬೇಕಾದ್ದನ್ನ ಕೊಡ್ತೀವಿ ಅಂತಾರ ಧಂಧೆಯವರು. ಮಂದಿ ಅಂದ್ರ ಯಾರು? ‘ಝಿಂಗಾಟ್’ ಹಾಡಿಗೆ ಮೆರವಣಿಗ್ಯಾಗ ಕುಣಿದವರೂ ನಾವೇ, ಆ ಕೂಸಿನ ಹೆಜ್ಜಿ ನೋಡಿ ಮಾತಿಲ್ಲದ ಥೇಟರಿನಿಂದ ಹೊರಗ ಬಂದವರೂ ನಾವೇ. ಜಾತಿ, ಕೊಲೆ, ಮಾತಿಲ್ಲದ ಕೊನೆ ಎಲ್ಲಾ ಇದ್ದೂ ನೂರು ಕೋಟಿ ಬಂತಲ್ಲ? ಇವರ ಲೆಕ್ಕದ ವಹಿಯೊಳಗೇ ಉತ್ತರ ಅದ.

ಊರ ಹಿರಿಯರದು ಇನ್ನೊಂದು ಮಾತು: ಇಂಥಾ ಪಿಚ್ಚರ್ ನೋಡಿ ಹುಡುಗೀರು ಕೆಡ್ತಾರ, ಮೆತ್ತಗ ಮಾಡಿದ್ದೇ ಪಾಡ ಆತು. ಅವರಿಗೆ ನಾನು ಗೌರವದಿಂದಲೇ ಕೇಳುತ್ತೇನೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮಾಡಿಕೊಂಡ ಮದುವೆಯಲ್ಲಿ ಪಂಚಾಯ್ತಿಯವರು ಕೈ ಹಾಕುವಂತಿಲ್ಲ ಎಂದು ಹೇಳಿತು. ಜುಲೈನಲ್ಲಿ ‘ಧಡಕ್’ ಬಂತು. ಸೆಪ್ಟೆಂಬರಿನಲ್ಲಿ ತೆಲಂಗಾಣದ ಮಿರ್ಯಾಲಗುಡದಲ್ಲಿ, ಆಸ್ಪತ್ರೆಯ ಮುಂದೆ, ಬಸುರಿ ಹೆಂಡತಿಯ ಕಣ್ಣೆದುರು ಒಬ್ಬ ದಲಿತ ಹುಡುಗನನ್ನು ಕಡಿದು ಹಾಕಿದರು. ಅಲ್ಲಿ ಮೆತ್ತಗ ಮಾಡಿದವರು ಯಾರಿದ್ರು?

ಸಾಲ್ಯಾಗ ಸಿನಿಮಾ ಮಾತು ತಗಿಬ್ಯಾಡ್ರಿ ಅನ್ನುವವರು ಅನ್ನಲಿ. ಲೋಖಂಡೆ ಸರ್ ತಿಂದ ಆ ಪೆಟ್ಟಿನ ದೃಶ್ಯ ಕೆಲವೇ ನಿಮಿಷದ್ದು. ಮರಾಠಿಯೂ ಕನ್ನಡವೂ ಬಲ್ಲ ಮಾಸ್ತರರು ನಮ್ಮ ಕನ್ನಡ ಶಾಲೆಗಳಲ್ಲಿ ಇದ್ದೇ ಇದ್ದಾರೆ. ದೊಡ್ಡ ಹುಡುಗರಿಗೆ ಅದನ್ನು ತೋರಿಸಿ, ಆ ವರ್ಗದಲ್ಲಿ ಕೂತವರಲ್ಲಿ ಒಬ್ಬರೂ ಯಾಕೆ ಎದ್ದು ನಿಲ್ಲಲಿಲ್ಲ ಎಂದು ಕೇಳಿ, ಉತ್ತರವನ್ನು ಅವರವರ ಮನೆಮಾತಿನಲ್ಲೇ ಬರೆಸಿರಿ.