ಬೆಕ್ಕಿನ ಸಕ್ಕರೆಯನ್ನು ಮನೆಯಲ್ಲೇ ಅಳೆಯಬೇಕು
ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದ ಕೂಡಲೇ ಇನ್ಸುಲಿನ್ ಎಷ್ಟು ಕೊಡಬೇಕೆಂದು ಕೇಳುತ್ತೇವೆ. ಸಕ್ಕರೆಯನ್ನು ಎಲ್ಲಿ ಅಳೆದದ್ದು ಎಂದು ಕೇಳುವುದಿಲ್ಲ. ಬುಟ್ಟಿಯೊಳಗೆ ಮುದುಡಿ, ಆಟೋದಲ್ಲಿ ಕುಲುಕಿ, ನಾಯಿಗಳ ಬೊಗಳಾಟದ ನಡುವೆ ಕಾದು ಕೂತ ಬೆಕ್ಕಿಗೆ ಹೆದರಿಕೆಯಿಂದಲೇ ಸಕ್ಕರೆ ಏರುತ್ತದೆ. ಕಾಯಿಲೆ ಇಲ್ಲದ ಬೆಕ್ಕಿನಲ್ಲೂ ಅದು 300 ದಾಟಬಹುದು. ಆ ಒಂದೇ ಅಂಕಿ ನಂಬಿ ಡೋಸ್ ಹೆಚ್ಚಿಸಿದರೆ, ಮನೆಗೆ ಬಂದು ಸುಧಾರಿಸಿಕೊಂಡ ಪ್ರಾಣಿಯ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಚುಚ್ಚುವುದು ಹಿಂಸೆಯಲ್ಲವೇ ಎನ್ನುವವರಿದ್ದಾರೆ. ಬೆಚ್ಚಗಿನ ಬಟ್ಟೆಯಿಂದ ಕಿವಿಯನ್ನು ಒತ್ತಿ ಹಿಡಿದು ಅಂಚಿನಲ್ಲಿ ಚುಚ್ಚಿದರೆ ಸಾಸಿವೆ ಕಾಳಿನಷ್ಟು ರಕ್ತ ಸಾಕು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ ಎಂಬ ತಕರಾರು ನಿಜ. ಆದರೂ ಅದೇ ಮೀಟರಿನಲ್ಲಿ ಎರಡು ಗಂಟೆಗೊಮ್ಮೆ ಅಳೆದರೆ ದಿನದ ಏರಿಳಿತದ ಜಾಡು ಸಿಗುತ್ತದೆ. ವೈದ್ಯರಿಗೆ ಬೇಕಿರುವುದು ಅದೇ. ಸಾಕುವವರೇ ವೈದ್ಯರಾಗಿಬಿಡುತ್ತಾರೆ ಎಂಬ ಆತಂಕ ಇನ್ನೂ ಗಂಭೀರ. ಡೋಸ್ ಬದಲಿಸುವುದು ವೈದ್ಯರ ಕೆಲಸವೇ, ಸರಿ. ಆದರೆ ಬೆಕ್ಕು ಊಟ ಬಿಟ್ಟ ಬೆಳಿಗ್ಗೆಯೂ ಸಕ್ಕರೆ ನೋಡದೆ ಇನ್ಸುಲಿನ್ ಚುಚ್ಚುವುದು ಭಂಡ ಧೈರ್ಯ. ನನ್ನನ್ನು ಕೇಳಿದರೆ, ಹೆಚ್ಚು ಹೆದರಬೇಕಾದ್ದು ಸಿರಿಂಜಿಗೆ. ನಮ್ಮ ಔಷಧಿ ಅಂಗಡಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಇನ್ಸುಲಿನ್ನೂ ಸಿಗುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ. 40ರ ಸಿರಿಂಜಿನಲ್ಲಿ 100ರದ್ದನ್ನು ಎಳೆದರೆ ಎರಡೂವರೆ ಪಟ್ಟು ಡೋಸ್ ಒಳಹೋಗುತ್ತದೆ. ಮನೆಯಲ್ಲಿ ಮೀಟರ್ ಇದ್ದರೆ, ಬೆಕ್ಕು ತೂರಾಡಿ ಬೀಳುವ ಮೊದಲೇ ಆ ತಪ್ಪು 60ಕ್ಕಿಂತ ಕೆಳಗಿನ ಅಂಕಿಯಾಗಿ ಕಾಣಿಸಬಹುದು. ಒಸಡಿಗೆ ಜೇನುತುಪ್ಪ ಸವರಿ ವೈದ್ಯರಿಗೆ ಫೋನ್ ಮಾಡಲು ಹೊತ್ತು ಸಿಗುತ್ತದೆ.