ಗಿಟುಕಿನ ಲೆಕ್ಕದಲ್ಲಿ ಸುಲಿದವರ ಪಾಲೆಷ್ಟು?

ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಾದ ದಿನ ಧಾರಣೆಯ ಸುದ್ದಿ ಸಂಜೆಯೊಳಗೆ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹಳ್ಳಿಹಳ್ಳಿಗೂ ಮುಟ್ಟಿರುತ್ತದೆ. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲೂ ಅದೇ ಮಾತು. ಆದರೆ ಆ ಧಾರಣೆ ಬೆಳೆಗಾರನ ಕೈಯಲ್ಲಿಲ್ಲ. ಹಬ್ಬಕ್ಕೋ ಚಳಿಗಾಲದ ಸಿಹಿತಿನಿಸಿಗೋ ಉಂಡೆ ಕೊಬ್ಬರಿ ಕೊಳ್ಳುವ ಉತ್ತರ ಭಾರತದ ಮನೆಗಳು ಇಲ್ಲಿನ ಮಕ್ಕಳ ಕಾಲೇಜು ಫೀಸನ್ನೂ ಸೊಸೈಟಿ ಸಾಲದ ಕಂತನ್ನೂ ತೀರ್ಮಾನಿಸುತ್ತವೆ.

ತೋಟ ಇದ್ದವನಿಗೆ ಯಾರ ಹಂಗೂ ಇಲ್ಲ ಎಂಬ ಮಾತು ಈ ಸೀಮೆಯಲ್ಲಿ ಇನ್ನೂ ಓಡಾಡುತ್ತಿದೆ. ತೋಟದೊಳಗೆ ಒಂದು ಸುತ್ತು ಹಾಕಿದರೆ ಅದು ನಿಲ್ಲುವುದಿಲ್ಲ. ಇಲ್ಲಿನ ಎತ್ತರದ ತಳಿಯ ಮರದಲ್ಲಿ ಸಾಮಾನ್ಯವಾಗಿ ಒಂದು ಹೊಂಬಾಳೆಯ ಗಂಡು ಹೂಗಳು ಉದುರಿ ಮುಗಿದ ಮೇಲೆ ಹೆಣ್ಣು ಹೂಗಳು ಸಿದ್ಧವಾಗುತ್ತವೆ. ಕಾಯಿ ಕಚ್ಚಲು ಪಕ್ಕದ ಮರದ ಪರಾಗವೂ ಅದನ್ನು ಹೊತ್ತು ತರುವ ಗಾಳಿ, ಜೇನೂ ಬೇಕು. ನೀರಿಗೆ ಹಾಸನ ಜಿಲ್ಲೆಯ ಗೊರೂರಿನ ಹೇಮಾವತಿ ಜಲಾಶಯದ ಕಡೆ ನೋಡಬೇಕು. ಕುಣಿಗಲ್ ಕಡೆಗೆ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2025ರಲ್ಲಿ ತುಮಕೂರು ಜಿಲ್ಲೆಯ ರೈತರು ಬೀದಿಗಿಳಿದರು. ಕುಣಿಗಲ್‌ನವರಿಗೂ ಬೇಕಾಗಿರುವುದು ಅದೇ ಹೇಮಾವತಿ.

ಇದಕ್ಕಿಂತ ಹತ್ತಿರದ ಅವಲಂಬನೆಯೊಂದು ಮನೆಯ ಅಟ್ಟದಲ್ಲೇ ಇದೆ.

ಬಲಿತ ಕಾಯಿ ಅಟ್ಟದ ಮೇಲೆ ಹತ್ತಿರಹತ್ತಿರ ಒಂದು ವರ್ಷ ಕೂರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎಂದಾಗ ಗಿಟುಕಾಯಿತೆಂದು ಅರ್ಥ. ಆಮೇಲಿನದೆಲ್ಲ ಕೈಕೆಲಸ. ಮಟ್ಟೆ ಸುಲಿಯಬೇಕು, ಉಂಡೆ ಸೀಳದಂತೆ ಚಿಪ್ಪು ಒಡೆಯಬೇಕು, ಗಾತ್ರ ನೋಡಿ ಆರಿಸಿ ಚೀಲ ತುಂಬಬೇಕು. ಒಂದು ಏಟು ತಪ್ಪಿದರೆ ಉಂಡೆ ಚೂರಾಗಿ ಬೆಲೆ ಬೀಳುತ್ತದೆ. ಈ ಹದ ಬಲ್ಲವರಲ್ಲಿ ಬಹುಪಾಲು ಜನಕ್ಕೆ ಸ್ವಂತ ತೋಟವಿಲ್ಲ. ಕೂಲಿ ಸಾವಿರ ಕಾಯಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಸುಲಿಯುವವರು ಸಿಗದ ವಾರ ಎಷ್ಟು ಎಕರೆಯ ಒಡೆಯನಾದರೂ ಮಾರುಕಟ್ಟೆಗೆ ಚೀಲ ಸಾಗಿಸಲಾರ.

ಸರ್ಕಾರದ ಕಣ್ಣಿಗೆ ಈ ಸರಪಳಿಯಲ್ಲಿ ಕಾಣುವುದು ಒಂದೇ ಕೊಂಡಿ. 2023ರಲ್ಲಿ ಕ್ವಿಂಟಲ್ ಕೊಬ್ಬರಿ 8 ಸಾವಿರದ ಆಸುಪಾಸಿಗೆ ಕುಸಿದಾಗ ಬೆಳೆಗಾರರು ಹೋರಾಡಿದರು, ಅದು ನ್ಯಾಯವೇ. 2024ರ ಹಂಗಾಮಿಗೆ ಕೇಂದ್ರ 12,000 ರೂಪಾಯಿ ಬೆಂಬಲ ಬೆಲೆ ಕೊಟ್ಟಿತು, ರಾಜ್ಯ 1,500 ರೂಪಾಯಿ ಸೇರಿಸಿತು. ನಾಫೆಡ್ ಖರೀದಿಯ ನೋಂದಣಿಯಲ್ಲಿ ಅಕ್ರಮದ ದೂರು ಬಂದು, ಪಟ್ಟಿ ರದ್ದಾಗಿ, ಮತ್ತೆ ನೋಂದಣಿ ನಡೆಯಿತು. ಆ ಪಟ್ಟಿಗೆ ಸೇರಲು ಜಮೀನಿನ ದಾಖಲೆ ಬೇಕಿತ್ತು. ಸುಲಿಯುವವನ ಬಳಿ ಇರುವುದು ಪಹಣಿಯಲ್ಲ, ಜಡ್ಡುಗಟ್ಟಿದ ಅಂಗೈ.

ಧಾರಣೆ ಬಿದ್ದಾಗ ಕೂಲಿ ಹೆಚ್ಚಿಸುವುದು ಹೇಗೆ ಎಂದು ಬೆಳೆಗಾರರು ಕೇಳುತ್ತಾರೆ. ಎರಡೆಕರೆಯ ಹಿಡುವಳಿದಾರನ ಬಾಯಲ್ಲಿ ಅದು ನಿಜವಾದ ಸಂಕಟ. ಕಪ್ಪು ತಲೆ ಹುಳು, ರಸ ಸೋರುವ ರೋಗದಿಂದ ಅವನ ಇಳುವರಿಯೂ ಕುಗ್ಗಿದೆ. ಆದರೆ 2025ರಲ್ಲಿ ಧಾರಣೆ ಕ್ವಿಂಟಲ್‌ಗೆ 20 ಸಾವಿರ ದಾಟಿ ಮೇಲೇರಿದಾಗ ಸುಲಿಯುವವರ ಪಾಲೆಷ್ಟು ಎಂಬ ಚರ್ಚೆ ಯಾವ ಸಭೆಯಲ್ಲಿ ದೊಡ್ಡದಾಗಿ ನಡೆಯಿತು? ಬೆಲೆ ಬಿದ್ದಾಗಿನ ನಷ್ಟವನ್ನು ಹಂಚಿಕೊಳ್ಳುವವರಿಗೆ ಏರಿದಾಗಿನ ಲಾಭದಲ್ಲೂ ಹಕ್ಕಿರಬೇಕು.

ದಾರಿಗಳು ಹೊಸವೇನಲ್ಲ. ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತಿ ಕಾಯಿ ಕೀಳುವವರಿಗೆ ‘ಕೇರಾ ಸುರಕ್ಷಾ’ ಅಪಘಾತ ವಿಮೆ ನೀಡುತ್ತಿದೆ. ಕತ್ತಿ, ಸಲಾಕೆಗಳ ನಡುವೆ ದುಡಿಯುವ ಸುಲಿಯುವವರಿಗೂ ಚಿಪ್ಪು ಒಡೆಯುವವರಿಗೂ ಅದೇ ಬಗೆಯ ರಕ್ಷಣೆ ಸಿಗಬೇಕು. ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಎತ್ತಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನಡೆಯುತ್ತಿರುವಾಗ, ಕೊಬ್ಬರಿ ವಹಿವಾಟಿನ ಮೇಲಿನ ಮಾರುಕಟ್ಟೆ ಶುಲ್ಕದಲ್ಲಿ ಒಂದು ಪಾಲನ್ನು ಈ ಕಾರ್ಮಿಕರಿಗೆ ಮೀಸಲಿಡುವುದು ಅಸಾಧ್ಯವಲ್ಲ. ಮುಂದಿನ ಖರೀದಿ ಹಂಗಾಮಿನಲ್ಲಿ ಬೆಳೆಗಾರರ ನೋಂದಣಿ ಶುರುವಾಗುವ ದಿನವೇ, ಅದೇ ಎಪಿಎಂಸಿ ಆವರಣದಲ್ಲಿ, ಸುಲಿಯುವವರ ಹೆಸರು ಬರೆದುಕೊಳ್ಳಲೂ ಒಂದು ಮೇಜು ಹಾಕಬಹುದು. ಅದಕ್ಕೆ ದೆಹಲಿಯ ಆದೇಶಕ್ಕೆ ಕಾಯಬೇಕಾಗಿಲ್ಲ. ಮೂರು ತಾಲ್ಲೂಕಿನ ಶಾಸಕರೂ ರೈತ ಸಂಘಟನೆಗಳೂ ಒಟ್ಟಿಗೆ ಕೂತು ಒತ್ತಾಯಿಸಿದರೆ ಕೆಲಸ ಶುರುವಾಗುತ್ತದೆ.